ಸಹಾಯ ಬೇಕು: ಒಪ್ಪಂದದಲ್ಲಿ ‘ಕಾಲ್‌ಶೀಟ್’ ಎಂದರೆ ದಿನವೋ, ಪಾಳಿಯೋ?

ಕನ್ನಡ ಚಿತ್ರವೊಂದರ ವಸ್ತ್ರಾಲಂಕಾರ ವಿಭಾಗಕ್ಕೆ ಸಹಾಯಕಿಯಾಗಿ ಸೇರಲು ನನಗೆ ಬಂದಿರುವ ಒಪ್ಪಂದಪತ್ರದಲ್ಲಿ ‘20 ಕಾಲ್‌ಶೀಟ್‌ಗಳಿಗೆ ಸಂಭಾವನೆ’ ಎಂದಷ್ಟೇ ಇದ್ದು, ಒಂದು ಕಾಲ್‌ಶೀಟ್ ಎಷ್ಟು ಗಂಟೆಯದೆಂಬ ವಿವರವಿಲ್ಲ. ಹಾಲಿವುಡ್‌ನಲ್ಲಿ ಈ ಪದಕ್ಕೆ, ಮರುದಿನದ ದೃಶ್ಯಗಳು, ಸ್ಥಳ, ಯಾರು ಎಷ್ಟು ಹೊತ್ತಿಗೆ ಬರಬೇಕು ಎಂಬುದನ್ನು ತಿಳಿಸಲು ಸಹಾಯಕ ನಿರ್ದೇಶಕರು ಹಂಚುವ ಹಾಳೆ ಎಂದರ್ಥ. ನಮ್ಮಲ್ಲಾದರೋ ‘ನಾಯಕರು ಕಾಲ್‌ಶೀಟ್ ಕೊಟ್ಟಿದ್ದಾರೆ’ ಎಂದರೆ ಚಿತ್ರೀಕರಣಕ್ಕೆ ದಿನಾಂಕ ಕೊಟ್ಟಿದ್ದಾರೆ ಎಂದು. ಕೊಡುವವರೇ ಅದಲುಬದಲಾಗಿರುವುದು ಸೋಜಿಗ. ಕೆಲಸಗಾರರ ನಡುವೆ ಇದು ಪಾಳಿಯ ಅಳತೆಯೂ ಹೌದು, ‘ಒಂದೂವರೆ ಕಾಲ್‌ಶೀಟ್’ ಎಂಬ ಮಾತನ್ನು ನಾನೇ ಕೇಳಿದ್ದೇನೆ. ಹಾಗಾದರೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗಿನ ಕೆಲಸವನ್ನು ಒಂದೆಂದು ಎಣಿಸುತ್ತಾರೋ, ಎರಡೆಂದೋ? ಹಿಂದಿನ ಚಿತ್ರದಲ್ಲಿ ಇದನ್ನು ಕೇಳದೆ ಸಹಿ ಹಾಕಿ, ಮಳೆಯ ದೃಶ್ಯದ ಒದ್ದೆ ಸೀರೆಗಳನ್ನು ನಡುರಾತ್ರಿಯವರೆಗೆ ಒಣಗಿಸಿ ಇಸ್ತ್ರಿ ಮಾಡಿದ್ದಕ್ಕೂ ಒಂದೇ ದಿನದ ಹಣ ಪಡೆದಿದ್ದೇನೆ. ಈ ಪದವನ್ನು ಒಪ್ಪಂದದಲ್ಲಿ ಹೇಗೆ ಬಿಡಿಸಿ ಬರೆಸಿಕೊಳ್ಳಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ. ಸೋಮವಾರ ಸಹಿ ಮಾಡಬೇಕಿದೆ.