ಅಪ್‌ಡೇಟ್: ಹಳ್ಳಿ ಶಾಲೆಯ ಫೀಲ್ಡ್‌ವರ್ಕ್ ಕೊನೆಗೆ ಏನಾಯ್ತು

15 ದಿನದ ಹಿಂದೆ ಇಲ್ಲಿ ಕೇಳಿದ್ದೆ: ಸಮಾಜಕಾರ್ಯ ಓದುತ್ತಿದ್ದೇನೆ, ಫೀಲ್ಡ್‌ವರ್ಕ್‌ಗೆ ಹಳ್ಳಿ ಶಾಲೆಗೆ ಹಾಕಿದ್ದಾರೆ, ಅಲ್ಲಿ ರಜೆ ಹಾಕಿದ ಟೀಚರ್‌ಗಳ ಕ್ಲಾಸಿಗೇ ನನ್ನನ್ನು ದಿನವಿಡೀ ಕಳಿಸುತ್ತಾರೆ, ಏನು ಮಾಡಲಿ ಅಂತ.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು, ನನ್ನ ಕೆಲಸ ಏನು ಅಂತ ಒಂದು ಹಾಳೆಯಲ್ಲಿ ಬರೆಯುವುದು. ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಮನೆ ಭೇಟಿ ಯಾವ ದಿನ, ಇಷ್ಟೇ ಬರೆದೆ. ಕಾಲೇಜಿನ ಮೇಲ್ವಿಚಾರಕರನ್ನು ಕರೆದುಕೊಂಡು ಹೋಗಿ ಹೆಡ್‌ಮಾಸ್ಟರ್ ಜೊತೆ ಕೂತು ಮಾತಾಡಿದೆವು. ನಾನು ಟೀಚರ್ ಟ್ರೇನಿಂಗ್‌ಗೆ ಬಂದವಳು ಅಂತಲೇ ಅವರು ಅಂದುಕೊಂಡಿದ್ದರಂತೆ! ಆ ಶಾಲೆ ಸಮಾಜ ಕಾರ್ಯಕರ್ತರನ್ನು ಕಂಡೇ ಇರಲಿಲ್ಲ, ಅವರ ತಪ್ಪಲ್ಲ ಬಿಡಿ.

ಮಕ್ಕಳು ಚೀಟಿ ಬರೆದು ಹಾಕಲಿ ಅಂತ ಸಲಹಾ ಪೆಟ್ಟಿಗೆ ಇಡುವ ಉಪಾಯ ಮಾತ್ರ ಕೈಕೊಟ್ಟಿತು. ವಾರಕ್ಕೆ ಎರಡೇ ಚೀಟಿ, ಒಂದರಲ್ಲಿ ಬೆಕ್ಕಿನ ಚಿತ್ರ.

ಕಣ್ಣು ತೆರೆಸಿದ್ದು ಹಾಜರಿ ಪುಸ್ತಕ. ಒಬ್ಬ ಹುಡುಗಿಗೆ 'ಓದಿನ ಮೇಲೆ ಗಮನವಿಲ್ಲ' ಅಂದಿದ್ದರು. ಅವಳದು ಮತ್ತು ಅವಳ ಅಕ್ಕನದು, ಎರಡು ಕ್ಲಾಸಿನ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರೆ, ಒಂದು ದಿನ ಅವಳು ಗೈರು, ಮರುದಿನ ಅಕ್ಕ ಗೈರು. ಮನೆಗೆ ಹೋದಾಗ ಗೊತ್ತಾಯ್ತು, ಅಪ್ಪ ಅಮ್ಮ ಕೂಲಿಗೆ ಹೋದಾಗ ಕೂಸನ್ನು ಇಬ್ಬರೂ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದರು. ಕೂಸನ್ನು ಎಲ್ಲಿ ಬಿಡುವುದು ಅನ್ನೋದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ, ಆ ದಿನ ಶಾಲೆಗೆ ಬಂದವಳ ಕೈಯಲ್ಲಿ ಇನ್ನೊಬ್ಬಳ ಪಾಠ ಕಳಿಸಲು ಟೀಚರ್ ಒಪ್ಪಿದ್ದಾರೆ.