ದೆವ್ವ ‘ಹಿಡಿದ’ ಬಂಗಲೆಯೋ, ದೆವ್ವ ‘ಓಡಾಡುವ’ ಬಂಗಲೆಯೋ?

1887ರಲ್ಲಿ ಮೊದಲು ಅಚ್ಚಾದ ಆಸ್ಕರ್ ವೈಲ್ಡ್‌ನ ‘ದಿ ಕ್ಯಾಂಟರ್‌ವಿಲ್ ಘೋಸ್ಟ್’ ಕಥೆಯನ್ನು ಅಕ್ಕನ ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಇಂಗ್ಲೆಂಡಿನ ಹಳೇ ಬಂಗಲೆ. 1584ರಿಂದ ಅಲ್ಲಿ ಸರ್ ಸೈಮನ್ ಎಂಬಾತನ ದೆವ್ವ ಇದೆ. ಅಮೆರಿಕದ ಸಂಸಾರವೊಂದು ಆ ಬಂಗಲೆಯನ್ನು ಕೊಂಡು ಬರುತ್ತದೆ. ದೆವ್ವಕ್ಕೆ ಅವರು ಕ್ಯಾರೇ ಅನ್ನುವುದಿಲ್ಲ. ನಡುರಾತ್ರಿ ಸರಪಳಿ ಎಳೆದುಕೊಂಡು ಬಂದರೆ, ಯಜಮಾನ ಎದ್ದು ಬಂದು ಸರಪಳಿಗೆ ಹಾಕಿಕೊಳ್ಳಲು ಎಣ್ಣೆ ಸೀಸೆ ಕೊಟ್ಟು ಮಲಗುತ್ತಾನೆ! ನೆಲದ ಮೇಲಿನ ರಕ್ತದ ಕಲೆಯನ್ನು ದೊಡ್ಡ ಮಗ ದಿನಾ ಉಜ್ಜಿ ತೆಗೆಯುತ್ತಾನೆ, ಬೆಳಿಗ್ಗೆ ಮತ್ತೆ ಹಾಜರ್. ಒಂದು ದಿನ ಮಾತ್ರ ಕಲೆ ಹಸಿರಾಗಿರುತ್ತದೆ. ಮಗಳು ವರ್ಜೀನಿಯಾಳ ಬಣ್ಣದ ಪೆಟ್ಟಿಗೆಯಿಂದ ದೆವ್ವ ಕದ್ದ ಕೆಂಪು ಮುಗಿದಿತ್ತು, ಅಷ್ಟೇ. ಮಕ್ಕಳು ಬಿದ್ದು ಬಿದ್ದು ನಕ್ಕವು.

ನನ್ನ ಪೇಚಾಟ ‘ಹಾಂಟೆಡ್’, ಅಂದರೆ ದೆವ್ವ ಇರುವ, ಅನ್ನುವ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಹೇಳುವುದರದು. ‘ದೆವ್ವ ಹಿಡಿದ ಬಂಗಲೆ’ ಅಂತ ಪತ್ರಿಕೆಗಳಲ್ಲಿ ಕಾಣುತ್ತದೆ. ನನ್ನ ಕಿವಿಗೆ ಅದು ಒಗ್ಗದು. ದೆವ್ವ ಹಿಡಿಯುವುದು, ಮೆಟ್ಟಿಕೊಳ್ಳುವುದು ಮನುಷ್ಯರನ್ನು. ಮನೆಗೆ ಹಿಡಿಯುವುದು ಗೆದ್ದಲು. ‘ದೆವ್ವ ಸೇರಿಕೊಂಡ ಬಂಗಲೆ’ ಅನ್ನಬಹುದು, ಆದರೆ ಸೇರಿಕೊಂಡಿದೆ ಅಂದರೆ ಎಲ್ಲಿಂದಲೋ ಬಂದು ಹೊಕ್ಕಿದೆ ಎಂದಾಯಿತು. ಈ ದೆವ್ವ ಮನೆಯ ಹಳೇ ಯಜಮಾನ. ಸೇರಿಕೊಂಡವರು ಅಮೆರಿಕದವರು, ಅಲ್ವಾ?

‘ಭೂತಬಂಗಲೆ’ ಎಲ್ಲರಿಗೂ ಗೊತ್ತು. ಹಿಂದಿಯಲ್ಲೂ ಇದೆ. ಆದರೆ ಕೇಳುವ ಮಕ್ಕಳಲ್ಲಿ ಇಬ್ಬರು ಮಂಗಳೂರಿನಲ್ಲಿ ಬೆಳೆದವರು. ತುಳುನಾಡಿನಲ್ಲಿ ಭೂತ ಅಂದರೆ ಪಂಜುರ್ಲಿ, ಜುಮಾದಿಯಂಥ ದೈವ. ವರ್ಷಕ್ಕೊಮ್ಮೆ ಕೋಲ (ದೈವದ ನರ್ತನ ಸೇವೆ) ಕೊಟ್ಟು ಕೈಮುಗಿಯುತ್ತಾರೆ. ಮನೆತನಕ್ಕೆ ನಡೆದು ಬಂದ ಭೂತವೂ ಉಂಟು. ಅಲ್ಲಿ ಮನೆಯಲ್ಲಿ ಭೂತ ಇದೆ ಅಂದರೆ ಯಾರೂ ಕಿತ್ತು ಓಡುವುದಿಲ್ಲ, ದೀಪ ಇಡುತ್ತಾರೆ. ಹಾಗೆ ನೋಡಿದರೆ ದೆವ್ವವೂ ದೈವದಿಂದಲೇ ಬಂದ ಪದ ಅನ್ನುತ್ತಾರೆ. ಒಂದು ಕೆಳಗೆ ಜಾರಿತು, ಇನ್ನೊಂದು ಗುಡಿಯಲ್ಲೇ ಉಳಿಯಿತು.

ಸದ್ಯಕ್ಕೆ ‘ದೆವ್ವ ಓಡಾಡುವ ಬಂಗಲೆ’ ಅಂತ ಇಟ್ಟುಕೊಂಡಿದ್ದೇನೆ. ನಮ್ಮ ಮೈಸೂರು ಕಡೆ ಪಾಳು ಮನೆಗಳ ಬಗ್ಗೆ ಹಿರಿಯರು ‘ಅಲ್ಲಿ ಏನೋ ಓಡಾಡುತ್ತಂತೆ’ ಅಂತಾನೇ ಹೇಳುವುದು. ಹೆಸರು ಕೂಡ ಎತ್ತುವುದಿಲ್ಲ. ಆ ‘ಏನೋ’ದಲ್ಲೇ ಜಾಸ್ತಿ ಹೆದರಿಕೆ. ಧಾರವಾಡ, ಕಲಬುರಗಿ, ಮಲೆನಾಡಿನ ಕಡೆ ಏನಂತಾರೆ? ಮನೆಗೇ ಅಂಟಿಕೊಂಡ ದೆವ್ವಕ್ಕೆ ಬೇರೆ ಹೆಸರಿದೆಯೇ?

ಮಂಚದ ಪರದೆ, ಪೊರಕೆ, ಮಚ್ಚು, ಟೊಳ್ಳು ಮಾಡಿದ ಟರ್ನಿಪ್ ಗಡ್ಡೆ ಸೇರಿಸಿ ಕಥೆಯ ಅಮೆರಿಕದ ಸಂಸಾರದ ಅವಳಿ ತುಂಟರು ಸುಳ್ಳು ದೆವ್ವ ಕಟ್ಟುತ್ತಾರೆ. ಅದನ್ನು ಕಂಡು ನಿಜವಾದ ದೆವ್ವವೇ ಪರಾರಿ. ಅದಕ್ಕೆ ‘ಬೆದರುಬೊಂಬೆ’ ಚೆನ್ನಾಗಿ ಕೂತಿತು, ಅಲ್ಲಿ ತಕರಾರಿಲ್ಲ.

ಇನ್ನೊಂದು ತೊಡಕು. ಮೋಹಿನಿಯನ್ನು ‘ಅವಳು’ ಅನ್ನುತ್ತೇವೆ, ಬ್ರಹ್ಮರಾಕ್ಷಸನನ್ನು ‘ಅವನು’. ದೆವ್ವ, ಪಿಶಾಚಿ ಎರಡೂ ‘ಅದು’. ಕಥೆ ಪೂರ್ತಿ ‘ಅದು ಬಂತು, ಅದು ಓಡಿತು’ ಅಂತಲೇ ಹೇಳಿಕೊಂಡು ಬಂದೆ. ಕೊನೆಗೆ ದೆವ್ವ ವರ್ಜೀನಿಯಾಳ ಹತ್ತಿರ ತಾನು ಮುನ್ನೂರು ವರ್ಷದಿಂದ ನಿದ್ದೆ ಮಾಡಿಲ್ಲ ಅನ್ನುತ್ತದೆ. ಆಗ ಕೇಳುತ್ತಿದ್ದ ಮಕ್ಕಳಲ್ಲಿ ಚಿಕ್ಕವಳು ‘ಪಾಪ, ಅವನಿಗೆ ನಿದ್ದೆ ಬರಲ್ವಾ?’ ಅಂದಳು. ಬರೆಯುವಾಗಲೂ ಅಲ್ಲಿಂದ ಮುಂದೆ ‘ಅವನು’ ಅಂತ ಬದಲಿಸಿದರೆ ಓದುವವರಿಗೆ ಎಡವಿದಂತಾಗುತ್ತದೆಯೇ, ಅಥವಾ ಮೊದಲಿನಿಂದಲೇ ‘ಅವನು’ ಇರಲೇ?