ವೀರಗಾಸೆ ತಂಡದ ಬ್ಲಾಗ್ ಗೂಗಲ್‌ನಲ್ಲಿ ಕಾಣುತ್ತಿಲ್ಲ, ಏನು ಮಾಡಬೇಕು?

ದುರ್ಗದವ: ಚಿತ್ರದುರ್ಗದ ವೀರಗಾಸೆ ತಂಡವೊಂದಕ್ಕೆ ಗೂಗಲ್‌ನ ಉಚಿತ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಪುಟ ಮಾಡಿದೆ. ಬರಹವೆಲ್ಲ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿದ್ದು. ಹುಡುಕಿದರೆ ಸಿಗುತ್ತಿಲ್ಲ. ಎಲ್ಲಿ ತಪ್ಪಿದೆ?

ಬೆಣ್ಣೆದೋಸೆ: ಮೊದಲು ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಕ್ಷರ ಚಿತ್ರವಿಚಿತ್ರವಾಗಿ ಕಂಡರೆ ಅದು ಹಳೆಯ ಆಸ್ಕಿ ಫಾಂಟು. ಫಾಂಟ್ ಇರುವ ಕಂಪ್ಯೂಟರಿನಲ್ಲಷ್ಟೇ ಅದು ಕನ್ನಡ; ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಅದನ್ನೇ. ಅದನ್ನು ಎಲ್ಲೆಡೆ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಿ, ಎಡವುವುದು ಅಲ್ಲೇ. ಆಮೇಲೆ ತಾಣ ನಡೆಸುವವರಿಗಾಗಿ ಗೂಗಲ್ ಕೊಡುವ ಉಚಿತ ಸೇವೆ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ ಇಂಡೆಕ್ಸಿಂಗ್ (ಹುಡುಕಾಟದ ಪಟ್ಟಿಗೆ ಸೇರಿಸುವುದು) ಕೋರಿ. ಮರುದಿನವೇ ಕಾಣಲಿಲ್ಲವೆಂದು ಮತ್ತೆ ಮತ್ತೆ ಒತ್ತಬೇಡಿ, ಅದರಿಂದ ಏನೂ ಬೇಗ ಆಗಲ್ಲ.

ಬೆಣ್ಣೆದೋಸೆ: ಹಾಗೆಯೇ, ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಎಂಜಿನ್‌ಗಳಿಗೆ ಕಾಣಲಿ' ಎಂಬುದು ಆನ್ ಇದೆಯಾ?

ರಂಗಸಜ್ಜಿಕೆ: ತಲೆಬರಹವನ್ನೂ ನೋಡಿ ಸರ್. 'ನಮ್ಮ ಕಲೆ ನಮ್ಮ ಹೆಮ್ಮೆ' ಅಂತ ಯಾರೂ ಹುಡುಕಲ್ಲ. 'ವೀರಗಾಸೆ ತಂಡ, ಚಿತ್ರದುರ್ಗ: ಜಾತ್ರೆ, ಮೆರವಣಿಗೆಗೆ' ಅಂತಿರಲಿ. ಎಷ್ಟು ಜನ ಬರುತ್ತಾರೆ, ಸಂಬಾಳ, ಕರಡೆ ವಾದ್ಯ ಯಾರದು, ಒಡಪು (ಕುಣಿತದ ನಡುವೆ ಹೇಳುವ ವೀರಭದ್ರನ ಕಥನ) ಹೇಳುವವರಿದ್ದಾರಾ, ಗಾಡಿ ಬಾಡಿಗೆ ಯಾರ ಮೇಲೆ: ಕರೆಸುವವರು ಕೇಳುವುದು ಇದನ್ನೇ. ಫೋನ್ ನಂಬರ್ ಪೋಸ್ಟರಿನ ಚಿತ್ರದೊಳಗೆ ಮಾತ್ರ ಇದ್ದರೆ ಒತ್ತಿದ ತಕ್ಷಣ ಕರೆ ಹೋಗಲ್ಲ, ಅಕ್ಷರದಲ್ಲೇ ಬರೆಯಿರಿ. ವಾಟ್ಸಾಪಿನಲ್ಲಿ ಬಂದ ಫೋಟೊ ಮಸುಕಾಗಿರುತ್ತದೆ, ಮೂಲ ಫೈಲೇ ತರಿಸಿ. ವಿಡಿಯೊ ಎರಡು ನಿಮಿಷ ಸಾಕು, ಮೊಬೈಲ್ ಅಡ್ಡ ಹಿಡಿದು ತೆಗೆಯಿರಿ. ಹಿನ್ನೆಲೆಗೆ ಸಿನಿಮಾ ಹಾಡು ಸೇರಿಸಿದರೆ ಯೂಟ್ಯೂಬಿನಲ್ಲಿ ಕಾಪಿರೈಟ್ ತಕರಾರು ಬರಬಹುದು. ಸಂಬಾಳದ ಸದ್ದೇ ಇರಲಿ.